ಕೊನೆಯ ಗಾಡಿ ಯಾವುದೆಂದು ಹೇಳುತ್ತಿದ್ದವಳು

ಅಕ್ಕ ತೀರಿಕೊಂಡ ವಾರದಲ್ಲಿ ಅವಳ ರಸ್ತೆ ಕೆಲಸದ ಸೂಪರ್‌ವೈಸರ್ ನನಗೆ ಫೋನ್ ಮಾಡಿದರು. ಕಂಪನಿಯ ವಾಕಿಟಾಕಿ ಒಂದು ಅವಳ ಕೋಣೆಯಲ್ಲೇ ಉಳಿದಿದೆ, ಸಾಧ್ಯವಾದಾಗ ತಂದುಕೊಡಿ ಎಂದು ಸಂಕೋಚದಿಂದಲೇ ಕೇಳಿದರು. ಟಿ. ನರಸೀಪುರಕ್ಕೆ ಹೋಗಿ ಅವಳು ಬಾಡಿಗೆಗಿದ್ದ ಕೋಣೆಯ ಬೀಗ ತೆಗೆದೆ. ವಾಕಿಟಾಕಿ ಸೆಟ್ಟು ಗೋಡೆಯ ಗೂಡಿನಲ್ಲಿತ್ತು. ಅದರ ಬ್ಯಾಟರಿಯನ್ನು ಬಿಚ್ಚಿ, ಒಣಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟಿದ್ದಳು. ಕೆಲವು ದಿನ ಬಳಸುವುದಿಲ್ಲ ಎಂದರೆ ಬ್ಯಾಟರಿಯನ್ನು ಸೆಟ್ಟಿನೊಳಗೆ ಬಿಡಬಾರದು ಎನ್ನುವುದು ಅವಳ ಕಟ್ಟುನಿಟ್ಟು.

ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತು ಹೇಳಿದರು: "ಜ್ವರದಾಗೆ ಕಣ್ ಬುಡಾಕಾಯ್ತಿರ್ನಿಲ್ಲ ಕಣಪ್ಪ. ಆಟೋ ಬಂದದೆ, ಏಳಿ ಆಸ್ಪತ್ರೆಗೋಗವ ಅಂದ್ರೆ, 'ತಡಿಯವ್ವ, ಬ್ಯಾಟ್ರಿ ತಗುದಿಟ್ ಬತ್ತೀನಿ' ಅಂದ್ರು. ನಾನ್ ತಗೀತೀನಿ ಕೊಡಿ ಅಂದ್ರೂ ಕೊಡ್ನಿಲ್ಲ."

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಅವಳಿಗೆ ನಾನೊಂದು ಮಾತು ಹೇಳಬೇಕಿತ್ತು. ತಪ್ಪಾಯಿತಕ್ಕ ಎಂಬ ಮಾತು. ಅದಕ್ಕೆ ವರ್ಷಗಟ್ಟಲೆ ಸಮಯವಿತ್ತು, ಹೇಳಲಿಲ್ಲ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆಯುವುದು ನನ್ನ ಕೆಲಸವಲ್ಲ. ಆದರೂ ಅವಳು ಹೇಗಿದ್ದಳು, ನಾನು ಅವಳಿಗೆ ಏನು ಮಾಡಿದೆ ಎನ್ನುವುದನ್ನು ಮುಚ್ಚಿಡದೆ ಬರೆದಿಡಬೇಕು ಅನ್ನಿಸಿದೆ.

ಅಕ್ಕ ಎತ್ತರದ ಹೆಣ್ಣು. ನಡೆಯುವಾಗ ಎಡಗೈಯನ್ನು ಸೊಂಟದ ಮೇಲೆ ಇಟ್ಟುಕೊಳ್ಳುವಳು. ಜೆಲ್ಲಿ ಬಾಂಡ್ಲಿ ಹೊತ್ತು ಹೊತ್ತು ಬಂದ ಅಭ್ಯಾಸ. ದನಿ ಎಂಥದೆಂದರೆ, ದೇವನೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಅವಳು ಹಿತ್ತಲಲ್ಲಿ ನಿಂತು ನನ್ನನ್ನು ಕೂಗಿದರೆ ಬಸ್ ಸ್ಟಾಪಿನಲ್ಲಿದ್ದವರು "ಓಗ್ಲಾ, ಮುದ್ದೆ ಆಯ್ತಂತೆ" ಎಂದು ನನ್ನನ್ನು ಓಡಿಸುತ್ತಿದ್ದರು. ನಕ್ಕರೆ ಕೊನೆಗೆ ಕೆಮ್ಮು ಬರಬೇಕು. ಕೆಮ್ಮಿದ ಮೇಲೆ ಯಾಕೆ ನಕ್ಕೆ ಎನ್ನುವುದನ್ನು ಮತ್ತೆ ಮೊದಲಿಂದ ಹೇಳಬೇಕು.

ಅವಳ ಮದುವೆಯಾಗಿ ವರ್ಷ ತುಂಬುವುದರೊಳಗೆ ನಮ್ಮ ಅವ್ವ ಹೋದಳು. ಅಪ್ಪ ಮೊದಲೇ ಇರಲಿಲ್ಲ. ನಾನು ಇನ್ನೂ ಚಡ್ಡಿ ಹಾಕುವ ವಯಸ್ಸಿನವನು. ಅವ್ವನ ಕಾರ್ಯಕ್ಕೆ ಬಂದ ಅಕ್ಕ ವಾಪಸ್ ಹೋಗಲಿಲ್ಲ. ಗಂಡ ಕರೆಯಲು ಬಂದ. ತಮ್ಮನನ್ನೂ ಕರೆದುಕೊಂಡು ಬರುತ್ತೇನೆ ಎಂದಳು. ಅವನು ಒಪ್ಪಲಿಲ್ಲ. ಈಗ ಬರದಿದ್ದರೆ ಯಾವತ್ತೂ ಬರಬೇಡ ಎಂದು ಹೇಳಿ ಹೋದ. ಅವಳು ಹೋಗಲಿಲ್ಲ. ಊರಿನವರ ಬಾಯಲ್ಲಿ ಅವಳು ಗಂಡ ಬಿಟ್ಟವಳಾದಳು. ಬಿಟ್ಟದ್ದು ಯಾರು, ಯಾರಿಗೋಸ್ಕರ ಎನ್ನುವುದು ಬೇರೆಯವರಿಗೆ ಗೊತ್ತಿರಲಿಲ್ಲ, ಇರಲಿ. ನನಗೆ ಗೊತ್ತಿತ್ತು.

ಅವಳು ರಸ್ತೆ ಕೆಲಸಕ್ಕೆ ಸೇರಿದಳು. ಬಿಸಿ ಟಾರು ಬಿದ್ದು ಅವಳ ಬಲಗಾಲಿನ ಮೇಲೆ ಒಂದು ಕಪ್ಪು ಮಚ್ಚೆ ಉಳಿದಿತ್ತು. ಆ ದುಡಿಮೆಯಲ್ಲೇ ಗುಡಿಸಲು ತೆಗೆದು ಹೆಂಚಿನ ಮನೆ ಕಟ್ಟಿಸಿದಳು. ನಾನು ಶಾಲೆ ಬಿಟ್ಟು ಅಲ್ಲಿ ಇಲ್ಲಿ ಅಲೆದು, ಕೊನೆಗೆ ಅವಳ ಹಿಂದೆಯೇ ರಸ್ತೆ ಕೆಲಸಕ್ಕೆ ಹೋದೆ.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಹದಿನಾರು ಎಂಬ ಊರು ದಾಟಿದ ಮೇಲೆ, ನಾಲೆಯ ಮೇಲಿನ ಸೇತುವೆಯನ್ನು ಅಗಲ ಮಾಡುವ ಕೆಲಸ ಬಂತು. ಅರ್ಧ ರಸ್ತೆ ಅಗೆದಿದ್ದರು. ಉಳಿದ ಅರ್ಧದಲ್ಲಿ ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ಹೋಗಬೇಕು. ನಡುವೆ ತಿರುವಿದ್ದದ್ದರಿಂದ ಈ ತುದಿಯವರಿಗೆ ಆ ತುದಿ ಕಾಣುತ್ತಿರಲಿಲ್ಲ. ಮೊದಮೊದಲು ಮೊಬೈಲಿನಲ್ಲಿ ಹೇಳಿ ನೋಡಿದರು. ಒಬ್ಬರು ಮಾಡಿದಾಗ ಇನ್ನೊಬ್ಬರದು ಬ್ಯುಸಿ, ಇಲ್ಲವೆ ನೆಟ್‌ವರ್ಕ್ ಇಲ್ಲ. ಒಂದು ದಿನ ಎರಡು ಬಸ್ಸು ನಡುವೆ ಮುಖಾಮುಖಿಯಾಗಿ, ಹಿಂದಕ್ಕೆ ತೆಗೆಯುವುದು ಯಾರು ಎಂಬ ಜಗಳ ಮಧ್ಯಾಹ್ನದವರೆಗೆ ನಡೆಯಿತು. ಆಮೇಲೆ ವಾಕಿಟಾಕಿ ತಂದರು. ನರಸೀಪುರದ ಕಡೆಯ ತುದಿಗೆ ಅಕ್ಕ, ನಂಜನಗೂಡಿನ ಕಡೆಯ ತುದಿಗೆ ನಾನು. ಇಬ್ಬರಿಗೂ ಒಂದೊಂದು ಕೆಂಪು ಬಾವುಟ, ಒಂದೊಂದು ಹಸಿರು ಬಾವುಟ, ಒಂದೊಂದು ಸೆಟ್ಟು.

ಕೆಲಸ ಇಷ್ಟೇ. ಈ ಕಡೆಯ ಗಾಡಿ ಬಿಟ್ಟು ನಿಲ್ಲಿಸಿದ ಮೇಲೆ ಕೊನೆಯ ಗಾಡಿ ಯಾವುದು ಎಂದು ಆ ಕಡೆಗೆ ಹೇಳಬೇಕು. ಅದು ಆ ತುದಿ ದಾಟಿದ ಮೇಲೆ ಅವರು "ಬಂತು, ನಮ್ಮ ಕಡೆ ಬಿಡ್ತೀವಿ" ಎನ್ನಬೇಕು. ನಾವು "ಬಿಡಿ" ಎನ್ನಬೇಕು. ಆ "ಬಿಡಿ" ಕೇಳುವ ತನಕ ಒಂದು ಸೈಕಲ್ಲನ್ನೂ ಬಿಡುವಂತಿಲ್ಲ.

ಬೇರೆ ಯಾರೇ ಆದರೂ "ಬಿಳಿ ಆಟೋ" ಎಂದು ಸುಮ್ಮನಾಗುತ್ತಿದ್ದರು. ಅಕ್ಕ ಹಾಗಲ್ಲ. "ಕೊನೆ ಗಾಡಿ ಬಿಳಿ ಆಟೋ ಕಣ್ಲಾ. ಒಳ್ಗೆ ಒಂದ್ ಮೇಕೆ ಕುಂತದೆ, ಡ್ರೈವರ್ಗಿಂತ ಅದ್ಕೇ ಗತ್ತು ಜಾಸ್ತಿ. ಮೇಕೆ ಮಕ ಕಂಡ್ ಮ್ಯಾಲೆ ಬಂತು ಅಂತ ಏಳು." ಇನ್ನೊಂದು ದಿನ: "ಕೊನೆಗೆ ಮೊಪೆಡ್ಡು ಬತ್ತದೆ. ಹಿಂದೆ ಕುಂತಿರೋ ಹೆಂಗ್ಸು ಅಳ್ತಾವ್ಳೆ. ಯಾಕೋ ಗೊತ್ತಿಲ್ಲ. ನೀನ್ ಅಡ್ಡ ನಿಂತ್ಕಂಡು ನೋಡ್ಬ್ಯಾಡ, ಸುಮ್ಕೆ ಓಗಾಕ್ ಬುಡು."

ಮೊಪೆಡ್ಡು ಬಂದಾಗ ನಾನು ಬೇರೆ ಕಡೆ ಮುಖ ಮಾಡಿ ನಿಂತೆ. ದಿನವೆಲ್ಲ ಬಿಸಿಲಲ್ಲಿ ನಿಲ್ಲುವ ಕೆಲಸದಲ್ಲಿ ಅವಳ ಆ ಮಾತುಗಳಿಂದಲೇ ಹೊತ್ತು ಹೋಗುತ್ತಿತ್ತು. ಸೂಪರ್‌ವೈಸರ್ ಕೂಡ ಅದೇ ಚಾನಲ್ಲಿನಲ್ಲಿದ್ದರು. "ಅಮ್ಮಾ, ಸೆಟ್‌ನಲ್ಲಿ ಕಥೆ ಹೇಳ್ಬೇಡಿ" ಎಂದು ಗದರುವರು. ಒಂದು ದಿನ ಅವಳು ಸುಮ್ಮನಿದ್ದರೆ, "ಏನಮ್ಮಾ, ಹುಷಾರಿಲ್ವಾ?" ಎಂದು ಅವರೇ ಕೇಳುವರು.

ಸೆಟ್ಟನ್ನು ಅವಳು ನೋಡಿಕೊಂಡ ರೀತಿಯನ್ನು ಹೇಳಬೇಕು. ನಾನು ಅದನ್ನು ಆಂಟೆನಾ ಹಿಡಿದು ತಿರುಗಿಸುತ್ತಾ ನಡೆಯುತ್ತಿದ್ದೆ. "ಬಾಲ ಹಿಡ್ದು ಎತ್ತಾಕೆ ಅದೇನ್ ಇಲಿಯೇನ್ಲಾ?" ಎಂದು ಕೈಮೇಲೆ ಹೊಡೆಯುತ್ತಿದ್ದಳು. ಮಾತಾಡುವಾಗ ಸೆಟ್ಟು ನೆಟ್ಟಗೆ ನಿಲ್ಲಬೇಕು, ಬಾಯಿಗೂ ಅದಕ್ಕೂ ನಾಲ್ಕು ಬೆರಳು ಸಂದಿರಬೇಕು, ಆಂಟೆನಾ ಕಣ್ಣಿಗೆ ಮುಖಕ್ಕೆ ತಾಗಬಾರದು. ಬಟನ್ ಒತ್ತಿದ ಕೂಡಲೇ ಬಾಯಿ ಬಿಡಬಾರದು, ಒಂದು ಉಸಿರು ತಡೆದು ಮಾತಾಡಬೇಕು, ಇಲ್ಲದಿದ್ದರೆ ಮೊದಲ ಮಾತೇ ಹೋಗುವುದಿಲ್ಲ. ಗುಡುಗು ಮಿಂಚು ಬಂದರೆ ಬಯಲಲ್ಲಿ ನಿಂತು ಸೆಟ್ಟು ಹಿಡಿಯಬಾರದು. ಇಬ್ಬರೂ ಕೆಂಪು ಬಾವುಟ ನೆಟ್ಟು ಸೂರಿನ ಕೆಳಗೆ ಹೋಗಬೇಕು. ಬಿಸಿಲಿಗೆ ಕಾದ ಟಿಪ್ಪರಿನ ಮುಂದಿನ ಗಾಜಿನ ಹತ್ತಿರ ನಾನೊಮ್ಮೆ ಸೆಟ್ಟು ಇಟ್ಟಿದ್ದಕ್ಕೆ ಅವಳು ಅರ್ಧ ದಿನ ನನ್ನ ಜೊತೆ ಮಾತು ಬಿಟ್ಟಳು. ಬಿಟ್ಟದ್ದು ಮನೆಯ ಮಾತು ಮಾತ್ರ, ಕೊನೆಯ ಗಾಡಿಯ ಮಾತು ಬಿಡಲಿಲ್ಲ.

ಬ್ಯಾಟರಿ ಎಂದರೆ ಅವಳಿಗೆ ಭಯವಿತ್ತು. ಹಿಂದೆ ಯಾವುದೋ ರಸ್ತೆ ಕೆಲಸದಲ್ಲಿ ಒಬ್ಬ ಬಿಡಿ ಬ್ಯಾಟರಿಯನ್ನು ಬೀಗದ ಕೈಯ ಜೊತೆ ಜೇಬಿಗೆ ಹಾಕಿಕೊಂಡು ತೊಡೆ ಸುಟ್ಟುಕೊಂಡಿದ್ದನ್ನು ಕಣ್ಣಾರೆ ಕಂಡಿದ್ದಳು. ಡೀಸೆಲ್ ಡ್ರಮ್ಮಿನ ಹತ್ತಿರ ಬ್ಯಾಟರಿ ಬದಲಾಯಿಸಲು ಯಾರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನನ್ನ ಸೆಟ್ಟಿನ ಬ್ಯಾಟರಿಯ ಹೊಟ್ಟೆ ಊದಿಕೊಂಡಿತ್ತು. ಇನ್ನೆರಡು ದಿನ ಹೇಗೋ ನಡೆಸಿ ಎಂದರು ಸೂಪರ್‌ವೈಸರ್.

"ನಡ್ಸಾದು ಅಂದ್ರೆ? ತುಂಬಿದ್ ಬಸ್ರಿ ಥರಾ ಅದೆ ಸಾ. ಚಾರ್ಜಿಗಾಕಿದ್ರೆ ಎಲ್ಲಿ ಎರ್ಗೆ ಆಯ್ತದೋ."

"ಅಷ್ಟೆಲ್ಲ ಏನೂ ಆಗಲ್ಲಮ್ಮ."

"ಅಂಗಾರೆ ತಕ್ಕಳಿ, ನಿಮ್ ದಿಂಬಿನ್ ಕೆಳ್ಗೆ ಮಡಿಕ್ಕಳಿ."

ಅವರು ನಕ್ಕುಬಿಟ್ಟರು. ಮಾರನೆಯ ದಿನ ಹೊಸ ಬ್ಯಾಟರಿ ಬಂತು. ಊದಿದ್ದನ್ನು ಅವಳು ಮರಳಿನ ಬಾಂಡ್ಲಿಯಲ್ಲಿ ಇಟ್ಟು, ಯಾರೂ ಓಡಾಡದ ಕಡೆ ದೂರ ಇರಿಸಿ, ಅವರೇ ವಾಪಸ್ ಒಯ್ಯುವ ತನಕ ಕಾವಲು ಕಾದಳು.

ಸಂಜೆ ಮನೆಗೆ ಬಂದ ಮೇಲೆ ಎರಡೂ ಸೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಒರೆಸುವಳು. ಬಟನ್ನಿನ ಸುತ್ತಲ ಧೂಳನ್ನು ಮೆತ್ತಗಿನ ಬ್ರಷ್ಷಿನಲ್ಲಿ ತೆಗೆಯುವಳು. ಒಲೆಯಿಂದ, ಹಾಸಿಗೆಯಿಂದ ದೂರ ಇರುವ ಪ್ಲಗ್ಗಿಗೆ ಚಾರ್ಜರ್ ಹಾಕಿ, ಹಸಿರು ದೀಪ ಬಂದ ಕೂಡಲೇ ತೆಗೆದಿಡುವಳು. ಅದು ನನ್ನ ಕೆಲಸವೂ ಆಗಬಹುದಿತ್ತು. ಮಾಡಲಿಲ್ಲ. ಅವಳು ಮಾಡುತ್ತಾಳಲ್ಲ ಎಂದು ಬಿಟ್ಟ ಕೆಲಸಗಳಲ್ಲಿ ಅದೂ ಒಂದು.

ಆ ದಿನಗಳಲ್ಲಿ ನನ್ನ ಮದುವೆಯ ಮಾತು ನಡೆಯುತ್ತಿತ್ತು. ಹೆಣ್ಣಿನ ಕಡೆಯವರು ಬರುವರು, ಅಕ್ಕನ ಕೈಯ ಉಪ್ಪಿಟ್ಟು ತಿಂದು ಹೊಗಳುವರು, ಆಮೇಲೆ ಸುದ್ದಿಯಿಲ್ಲ. ಮನೆಯಲ್ಲಿ ಗಂಡ ಬಿಟ್ಟ ಅಕ್ಕ ಇದ್ದಾಳೆ, ಮೇಲಾಗಿ ಬಾಯಿ ಜೋರು ಎಂದು ಹಿಂದೆ ಸರಿಯುತ್ತಾರೆ ಎನ್ನುವುದು ಮಧ್ಯಸ್ಥರಿಂದ ನನ್ನ ಕಿವಿಗೆ ಬಿತ್ತು. ಅಕ್ಕನಿಗೆ ಅದು ಗೊತ್ತಿರಲಿಲ್ಲ. ಜಾತಕ ಕೂಡಲಿಲ್ಲವಂತೆ ಎಂದು ಅವಳ ಹತ್ತಿರ ಹೇಳಿದ್ದೆವು. ನಾನು ಒಳಗೊಳಗೇ ಅವಳ ಮೇಲೆ ಸಿಟ್ಟಾಗತೊಡಗಿದೆ.

ನನ್ನ ತುದಿಯಲ್ಲಿ ಹುಣಸೆ ಮರದ ಕೆಳಗೆ ಸಿದ್ದಣ್ಣ ಎಂಬವರ ಟೀ ಅಂಗಡಿಯಿತ್ತು. ಒಂದು ಸಂಜೆ ಅಲ್ಲಿ ನನ್ನ ಕೈಯಿಂದ ಟೀ ಲೋಟ ಜಾರಿ ಸೆಟ್ಟಿನ ಮೇಲೆ ಚೆಲ್ಲಿತು. ಟವಲಿನಲ್ಲಿ ಒರೆಸಿದೆ. ನೋಡಲು ಚೆನ್ನಾಗಿಯೇ ಇತ್ತು. ಅಕ್ಕನಿಗೆ ಹೇಳಿದರೆ ಬೈಯುತ್ತಾಳೆ ಎಂದು ಹೇಳಲಿಲ್ಲ. ಮನೆಗೆ ಬಂದ ಮೇಲೆ ಅವಳು ಸೆಟ್ಟು ಒರೆಸಲು ಕೈ ಚಾಚಿದಾಗ, "ನಂದು ನಾನೇ ಒರೆಸಿ ಚಾರ್ಜಿಗೆ ಹಾಕಿದೀನಿ" ಎಂದೆ. ಅವಳಿಗೆ ಖುಷಿಯಾಯಿತು. "ಅಬ್ಬಾ, ನನ್ ತಮ್ಮನ್ಗೂ ಬುದ್ಧಿ ಬಂತು" ಎಂದು ನೆಟಿಕೆ ಮುರಿದಳು.

ಮಾರನೆಯ ದಿನ ಸೂಪರ್‌ವೈಸರ್ ಬಂದಿರಲಿಲ್ಲ. ಮಧ್ಯಾಹ್ನ ನಾನು ನನ್ನ ಕಡೆಯ ಗಾಡಿ ಬಿಟ್ಟು ನಿಲ್ಲಿಸಿ, "ಕೊನೆ ಗಾಡಿ ನೀರಿನ ಟ್ಯಾಂಕರ್" ಎಂದೆ. ಬೆರಳು ತೆಗೆದೆ. ಬಟನ್ ಮೇಲೆ ಬರಲಿಲ್ಲ. ಒಣಗಿದ ಟೀ ಸಕ್ಕರೆಯ ಅಂಟಿಗೆ ಅದು ಒಳಗೇ ಕಚ್ಚಿಕೊಂಡಿತ್ತು. ನಾನು ನೋಡಲಿಲ್ಲ. ಬಟನ್ ಒತ್ತಿರುವಷ್ಟು ಹೊತ್ತು ಸೆಟ್ಟಿನ ತಲೆಯ ಮೇಲೆ ಕೆಂಪು ದೀಪ ಉರಿಯುತ್ತದೆ, ಅದನ್ನೂ ನೋಡಲಿಲ್ಲ. ಬೆಂಚಿನ ಮೇಲಿಟ್ಟು ಟೀ ಕೇಳಿದೆ.

ಬಟನ್ ಒತ್ತಿಕೊಂಡೇ ಇದ್ದರೆ ಏನಾಗುತ್ತದೆ ಎಂದು ತಿಳಿಯದವರಿಗೆ ಹೇಳುತ್ತೇನೆ. ಆ ಸೆಟ್ಟು ಮಾತಾಡುತ್ತಲೇ ಇರುತ್ತದೆ. ಅದರ ಸುತ್ತ ಆಡಿದ್ದೆಲ್ಲ ಆ ತುದಿಗೆ ಕೇಳುತ್ತದೆ. ಆ ತುದಿಯವರು ಎಷ್ಟು ಕೂಗಿದರೂ ಈ ತುದಿಗೆ ಒಂದು ಅಕ್ಷರವೂ ಕೇಳುವುದಿಲ್ಲ.

ಟ್ಯಾಂಕರ್ ಅಕ್ಕನ ತುದಿ ದಾಟಿತು. "ಬಂತು ಕಣ್ಲಾ, ನನ್ ಕಡೆ ಬುಡ್ತೀನಿ" ಎಂದು ಅವಳು ಹೇಳಿರಬೇಕು. ನನ್ನಿಂದ "ಬುಡು" ಬರಲಿಲ್ಲ. ಅವಳು ಕೆಂಪು ಬಾವುಟ ಹಿಡಿದು ಹಾಗೆಯೇ ನಿಂತಳು. ಇಲ್ಲಿ ನಾನು ಅವಳ ಮಾತಿಗೆ ಕಾಯುತ್ತಾ ಟೀ ಕುಡಿಯುತ್ತಿದ್ದೆ.

"ಏನ್ ಮಾಡ್ತಾವ್ಳೋ ಸಿದ್ದಣ್ಣ, ಟ್ಯಾಂಕರ್ ಓಗಿ ಇಷ್ಟೊತ್ತಾಯ್ತು. ಯಾರ್ ಜೊತ್ಗೋ ಜಗಳಕ್ ಬಿದ್ದಿರ್ಬೇಕು" ಎಂದೆ.

"ಬಾಯಿ ಇದ್ರೆ ತಾನೆ ಈ ಡ್ರೈವರ್‌ಗೋಳ್ನ ಏಗಾಕ್ ಆಗೋದು" ಎಂದರು ಸಿದ್ದಣ್ಣ.

"ರೋಡ್ಗೆ ಸರಿ ಕಣಣ್ಣ, ಮನೇಗೆ? ಮೊನ್ನೆ ಬಂದೋರೂ ಬ್ಯಾಡ ಅಂದ್ರು. ನಮ್ ಮಗಳು ಆ ಗಂಡ ಬುಟ್ಟೋಳ್ ಕೈಕೆಳ್ಗೆ ಬಾಳ್ಬೇಕಾ ಅಂದ್ರಂತೆ. ಅವಳು ಆ ಮನೇಲಿರೋವರ್ಗೂ ನಂಗ್ ಯಾರೂ ಹೆಣ್ ಕೊಡಾಕಿಲ್ಲ. ಅವಳ್ ದೆಸೆಯಿಂದ ನನ್ ಬಾಳು ಇಂಗೇ ಮುಗ್ದೋಯ್ತದೆ."

"ಅಂಗನ್ಬ್ಯಾಡಪ್ಪ. ಸಾಕಿದ್ ಅಕ್ಕ."

"ಸಾಕಿದ್ಲು, ಸರಿ. ಅದ್ನ ಸಾಯೋಗಂಟ ತೀರುಸ್ಬೇಕಾ? ಅವಳ್ ಗಂಡ ಯಾಕ್ ಬುಟ್ಟ ಅಂತ ಈಗ ಗೊತ್ತಾಯ್ತದೆ ನಂಗೆ."

ಇದನ್ನು ಹೇಳಿ ನಾನು ನಕ್ಕೆ. ಸಿದ್ದಣ್ಣ ನಗಲಿಲ್ಲ.

ಅವಳ ತುದಿಯಲ್ಲಿ ಏನಾಯಿತು ಎನ್ನುವುದನ್ನು ಅಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರ್ ಆಮೇಲೊಂದು ದಿನ ನನಗೆ ಹೇಳಿದರು. ಬಸ್ಸು, ಅದರ ಹಿಂದೆ ಎರಡು ಟಿಪ್ಪರ್, ಬೈಕುಗಳು ನಿಂತಿದ್ದವು. ಎಲ್ಲರೂ ಇಳಿದು ಅವಳ ಸುತ್ತ ಸೇರಿದ್ದರು. ಅವಳ ಕೈಯ ಸೆಟ್ಟಿನಿಂದ ನನ್ನ ದನಿ ಗಟ್ಟಿಯಾಗಿ ಬರುತ್ತಿತ್ತು. ಟಿಪ್ಪರಿನ ಡ್ರೈವರ್ ಒಬ್ಬ, "ಏನಮ್ಮೋ, ನಿನ್ ತಮ್ಮ ಟೀ ಕುಡ್ಕಂಡು ನಿನ್ ಪುರಾಣ ಓದ್ತಾವ್ನೆ, ನೀನ್ ನಮ್ಮನ್ನ ಬಿಸ್ಲಾಗೆ ಒಣಗಾಕಿದ್ದೀಯ" ಎಂದನಂತೆ. ಕೆಲವರು ನಕ್ಕರಂತೆ. ಕಂಡಕ್ಟರಿಗೆ ನೋಡಲಾಗದೆ, "ಸೌಂಡ್ ಕಮ್ಮಿ ಮಾಡಮ್ಮ, ಯಾಕ್ ಕೇಳ್ತೀಯ" ಎಂದರಂತೆ.

"ಇಲ್ಲ ಸಾ. ಆ ಕಡೆಯಿಂದ ಬುಡು ಅಂತ ಬಂದ್ರೆ ಕೇಳುಸ್ಬೇಕಲ್ಲ" ಎಂದಳಂತೆ ಅಕ್ಕ.

ಆ ಕಡೆಯ ಮಾತಿಗೆ ಕಾಯುವಾಗ ಸೆಟ್ಟಿನ ದನಿ ತಗ್ಗಿಸಬಾರದು ಎನ್ನುವುದು ಅವಳೇ ನನಗೆ ಕಲಿಸಿದ್ದು. ನಾನು ಆಡಿದ ಒಂದೊಂದು ಮಾತನ್ನೂ, ಅಷ್ಟು ಜನರ ನಡುವೆ, ಒಂದು ಕೈಯಲ್ಲಿ ಕೆಂಪು ಬಾವುಟ ಎತ್ತಿ ಹಿಡಿದುಕೊಂಡು ಅವಳು ಪೂರ್ತಿ ಕೇಳಿದಳು.

ಕೊನೆಗೆ ಅಗೆದ ಮಣ್ಣಿನ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು, ಹುಲ್ಲಿನ ಹೊರೆ ಹೇರಿದ್ದ ಒಬ್ಬರು ಹಿರಿಯರು ನನ್ನ ತುದಿಗೆ ಬಂದರು. "ನಿಮ್ಮಕ್ಕ ಕಳ್ಸವ್ಳೆ. ಸೆಟ್ಟಿನ ಬಟನ್ ಒಸಿ ನೋಡ್ಬೇಕಂತೆ" ಎಂದರು. ಬೆಂಚಿನ ಮೇಲಿದ್ದ ಸೆಟ್ಟನ್ನು ನೋಡಿದೆ. ಕೆಂಪು ದೀಪ ಕಂಡಿತು. ಉಗುರಿನಲ್ಲಿ ಬಟನ್ ಎಬ್ಬಿಸತೊಡಗಿದೆ. ಆ ಹಿರಿಯರು ಹೋಗುವ ಮುಂಚೆ, "ಎಲ್ಲಾರ್ಗೂ ಕೇಳುಸ್ತು ಕಣಪ್ಪ" ಎಂದಷ್ಟೇ ಹೇಳಿ ಸೈಕಲ್ ತಳ್ಳಿದರು.

ಬಟನ್ ಮೇಲೆ ಬಂದ ಕೂಡಲೇ ಅವಳ ದನಿ ಬಂತು. "ಈಗ್ ಕೇಳುಸ್ತಾ ಅದಾ?"

"ಹ್ಞೂ ಅಕ್ಕ."

"ಟ್ಯಾಂಕರ್ ಬಂತು. ನನ್ ಕಡೆ ಬುಡ್ತೀನಿ."

"ಬುಡು."

"ಕೊನೆ ಗಾಡಿ ಹಳ್ದಿ ಟಿಪ್ಪರ್."

ಅಷ್ಟೇ. ಡ್ರೈವರ್ ಹೇಗಿದ್ದ, ಬಸ್ಸಿನಲ್ಲಿ ಯಾರಿದ್ದರು, ಏನೂ ಇಲ್ಲ. ಅಂದಿನಿಂದ ಆ ಸೇತುವೆಯ ಕೆಲಸ ಮುಗಿಯುವ ತನಕ ಅವಳು ಗಾಡಿಯ ಬಣ್ಣವನ್ನಲ್ಲದೆ ಬೇರೇನನ್ನೂ ಸೆಟ್ಟಿನಲ್ಲಿ ಹೇಳಲಿಲ್ಲ.

ಆ ಸಂಜೆ ನನ್ನ ಸೆಟ್ಟನ್ನು ಮಡಿಲಿಗೆ ತೆಗೆದುಕೊಂಡು, ಬ್ಯಾಟರಿ ಬಿಚ್ಚಿ, ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಒಂದಿಷ್ಟೇ ಒದ್ದೆ ಮಾಡಿ ಬಟನ್ನಿನ ಸುತ್ತ ಉಜ್ಜಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವಳು ತಲೆ ಎತ್ತದೆ, "ಟೀ ಚೆಲ್ತು ಅಂತ ಆಗ್ಲೇ ಏಳಿದ್ರೆ ಒರಸ್ಬುಡ್ತಿದ್ದೆ. ಒಣಗಿದ್ ಮ್ಯಾಲೆ ಕಷ್ಟ" ಎಂದಳು.

ಆಗ ಹೇಳಬಹುದಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. "ಮುದ್ದೆ ಆಯ್ತಾ?" ಎಂದು ಕೇಳಿದೆ. ನನ್ನ ಬಾಯಿಂದ ಬಂದದ್ದು ಅದು.

ಸೇತುವೆ ಮುಗಿದ ಮೇಲೆ ಕಂಪನಿಯ ಕೆಲಸ ನರಸೀಪುರದಾಚೆಗೆ ಹೋಯಿತು. ದಿನಾ ಬಸ್ಸು ಹತ್ತಿ ಇಳಿಯಲು ಆಗುವುದಿಲ್ಲ, ಅಲ್ಲೇ ಕೋಣೆ ಹಿಡಿಯುತ್ತೇನೆ ಎಂದಳು ಅಕ್ಕ. ಒಂದು ಟ್ರಂಕು, ಒಂದು ಚಾಪೆ, ಎರಡು ಪಾತ್ರೆ ತೆಗೆದುಕೊಂಡಳು. ನಾನು ಬಸ್ಸಿನ ತನಕ ಟ್ರಂಕು ಹೊತ್ತು ಹೋದೆ. ಇರು ಎನ್ನಲಿಲ್ಲ. ನನಗೆ ನಂಜನಗೂಡಿನ ಒಂದು ಗೋಡೌನಿನಲ್ಲಿ ಕೆಲಸ ಸಿಕ್ಕಿತು. ಅವಳು ಹೋದ ಕೆಲವೇ ತಿಂಗಳಿಗೆ ಈಗ ನನ್ನ ಹೆಂಡತಿಯಾಗಿರುವ ಗೌರಿಯ ಕಡೆಯಿಂದ ಸಂಬಂಧ ಬಂತು, ಒಂದೇ ಮಾತಿಗೆ ಕುದುರಿತು. ನಾನು ಟೀ ಅಂಗಡಿಯಲ್ಲಿ ಹೇಳಿದ್ದು ನಿಜವಾಯಿತು ಎಂದುಕೊಂಡೆ. ನಾಚಿಕೆಯ ಜೊತೆಗೆ ಸಮಾಧಾನವೂ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಮದುವೆಗೆ ಬಂದವಳು ಅಡುಗೆಯವರ ನಡುವೆಯೇ ಇದ್ದಳು. ಧಾರೆಗೆ ಕರೆದಾಗ ಸೆರಗಿಗೆ ಕೈ ಒರೆಸುತ್ತಾ ಬಂದು, ಅಕ್ಷತೆ ಹಾಕಿ, ಸಂಜೆಯ ಬಸ್ಸಿಗೆ ಹೊರಟಳು. ತಾನೇ ಕಟ್ಟಿಸಿದ ಮನೆಗೆ ಆಮೇಲೆ ಅವಳು ಹಬ್ಬಕ್ಕೆ ಬರುವಳು, ನೆಂಟರ ಹಾಗೆ ಮುಂದಿನ ಜಗಲಿಯಲ್ಲಿ ಕೂರುವಳು, ನೀರು ಬೇಕಾದರೂ ಗೌರಿಯನ್ನು ಕೇಳುವಳು.

ಕಳೆದ ವರ್ಷ ಮನಸ್ಸು ಗಟ್ಟಿ ಮಾಡಿಕೊಂಡು ನರಸೀಪುರಕ್ಕೆ ಹೋದೆ. ಹೇಳಿಯೇ ಬರಬೇಕು ಎಂದು. ಆಗ ಅವಳು ಸೋಮನಾಥಪುರದ ರಸ್ತೆಯಲ್ಲಿ ಇಂಥದೇ ಕೆಲಸದಲ್ಲಿದ್ದಳು. ಗುಡಿ ನೋಡಲು ಬರುವ ಪ್ರವಾಸಿ ಗಾಡಿಗಳನ್ನು ನಿಲ್ಲಿಸಿ, ಕಿಟಕಿಯಿಂದ ಇಣುಕುವವರಿಗೆ "ಟೂ ಮಿನಿಟ್, ಟೂ ಮಿನಿಟ್" ಎನ್ನುತ್ತಿದ್ದಳು. ನನ್ನನ್ನು ಕಂಡವಳೇ, "ಏನ್ಲಾ, ಇಷ್ಟ್ ದೂರ? ಗೌರಿ ಉಸಾರಾಗವ್ಳಾ?" ಎಂದಳು. ತಲೆ ಅರ್ಧ ನೆರೆತಿತ್ತು.

ಆ ತುದಿಯ ಹುಡುಗಿ ಊಟಕ್ಕೆ ಹೋಗಬೇಕಿತ್ತು. "ಅರ್ಧ ಗಂಟೆ ನಿಂತ್ಕತೀಯಾ? ಕೈ ಮರ್ತೋಗದಾ?" ಎಂದು ಕೇಳಿದಳು. ಹುಡುಗಿಯ ಸೆಟ್ಟು, ಬಾವುಟ ಹಿಡಿದು ಆ ತುದಿಯಲ್ಲಿ ನಿಂತೆ. ಮತ್ತೆ ನಾವಿಬ್ಬರೂ ರಸ್ತೆಯ ಎರಡು ತುದಿ. ಮುಖ ನೋಡದೆ ಹೇಳಲು ಇದಕ್ಕಿಂತ ಸುಲಭದ ಜಾಗ ಸಿಗುವುದಿಲ್ಲ ಅನ್ನಿಸಿತು. ಗಾಡಿಗಳಿಲ್ಲದ ಹೊತ್ತು ನೋಡಿ ಬಟನ್ ಒತ್ತಿದೆ. ಅಕ್ಕ ಎಂದೆ. ಒತ್ತಿದ ಬೆರಳು ಒತ್ತಿದಂತೆಯೇ ಇತ್ತು. ಎಷ್ಟು ಹೊತ್ತು ಹಾಗಿದ್ದೆನೋ. ಬೆರಳು ತೆಗೆದಾಗ ಅವಳ ದನಿ ಬಂತು.

"ಏನಾರ ಏಳಾಂಗಿದ್ರೆ ಏಳು ಮಗ. ಕೇಳುಸ್ತಾ ಅದೆ."

ಗದರಿಕೆಯಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಣೆ ಮುಟ್ಟಿ ಮಾತಾಡುತ್ತಿದ್ದಳಲ್ಲ, ಆ ದನಿ. ನಾನು ಏನು ಹೇಳಲು ಬಂದಿದ್ದೇನೆ ಎಂದು ಅವಳಿಗೆ ತಿಳಿದಿತ್ತು ಎಂದೇ ಇವತ್ತಿಗೂ ನಂಬಿದ್ದೇನೆ.

"ಏನಿಲ್ಲಕ್ಕ. ಇಲ್ಲಿ ಒಂದ್ ಕಾರ್ ಬಂದದೆ, ಬುಡ್ಲಾ?" ಎಂದೆ.

"ಬುಡು" ಎಂದಳು.

ಅದಾದ ಮೇಲೆ ಅವಳನ್ನು ಕಂಡದ್ದು ಆಸ್ಪತ್ರೆಯಲ್ಲಿ, ಮುಖಕ್ಕೆ ಬಟ್ಟೆ ಹೊದಿಸಿದ ಮೇಲೆ. ಜ್ವರವನ್ನು ವಾರದಿಂದ ಯಾರಿಗೂ ಹೇಳಿರಲಿಲ್ಲ. ಪಕ್ಕದ ಮನೆಯ ಹೆಂಗಸು ಫೋನ್ ಮಾಡಿ, ನಾನು ನಂಜನಗೂಡಿನಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮುಗಿದಿತ್ತು.

ಕಾರ್ಯ ಮುಗಿದ ದಿನ ನೆಂಟರೆಲ್ಲ ಊಟ ಮಾಡಿ ಹೋದ ಮೇಲೆ ಗೌರಿ ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ತೊಳೆಯುತ್ತಿದ್ದಳು. ನಾನು ನೀರು ಸುರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಟೀ ಚೆಲ್ಲಿದ್ದು, ಬಟನ್ ಕಚ್ಚಿಕೊಂಡದ್ದು, ನಾನು ಆಡಿದ ಮಾತು, ನಕ್ಕಿದ್ದು, ಯಾವುದನ್ನೂ ಬಿಡಲಿಲ್ಲ. ಅವಳು ತೊಳೆಯುತ್ತಲೇ ಕೇಳಿದಳು. ಆಮೇಲೆ, "ಅತ್ಗೆ ನಮ್ಮಪ್ಪನ್ ಮನೇಗ್ ಬಂದಿದ್ರು" ಎಂದಳು.

"ಯಾವಾಗ?"

"ನೀವು ನನ್ನ ನೋಡಾಕ್ ಬರಾಕ್ ಮುಂಚೆ. ಒಬ್ರೇ ಬಂದ್ರು. ಅಪ್ಪನ್ ಕುಟೆ ಕುಂತ್ಕಂಡು, 'ನಾನ್ ಆ ಮನೇಲಿ ಇರಾಕಿಲ್ಲ, ನರಸೀಪುರ್‌ದಾಗೆ ಕೋಣೆ ಮಾಡಿವ್ನಿ, ನನ್ ಯೋಚ್ನೆ ಬುಟ್ಟು ಧೈರ್ಯವಾಗಿ ಹೆಣ್ ಕೊಡಿ, ನನ್ ತಮ್ಮ ಒಳ್ಳೇವ್ನು' ಅಂದ್ರು. ಅಪ್ಪ, 'ನೀನ್ ಕಟ್ಸಿದ್ ಮನೆ ಬುಟ್ಟು ನೀನ್ಯಾಕವ್ವ ಓಗಿದ್ದೀಯೆ' ಅಂತ ಕೇಳುದ್ರು. 'ಕೆಲ್ಸ ಅಲ್ಲೇ ಅದಲ್ಲಪ್ಪ' ಅಂತ ನಕ್ಕಂಡ್ರು."

ಕೈಯ ಚೊಂಬನ್ನು ಕೆಳಗಿಟ್ಟೆ. ಸಂಬಂಧ ತಾನಾಗಿ ಬಂದಿರಲಿಲ್ಲ. ಅವಳೇ ಹೋಗಿ ನನಗಾಗಿ ಕೇಳಿ ತಂದಿದ್ದಳು.

"ಯಾಕೆ ನಂಗ್ ಏಳ್ನಿಲ್ಲ ಇಷ್ಟ್ ದಿನ?"

"ಏಳ್ಬ್ಯಾಡ ಅಂತ ನನ್ ಕೈಲಿ ಆಣೆ ಆಕ್ಸ್ಕಂಡಿದ್ರು. ತಮ್ಮನ್ಗೆ ಗೊತ್ತಾದ್ರೆ, ನನ್ಗೋಸ್ಕರ ಅಕ್ಕ ಮನೆ ಬುಡಾದಾದ್ರೆ ನಂಗ್ ಮದ್ವೇನೇ ಬ್ಯಾಡ ಅಂದ್ಬುಡ್ತಾನೆ, ಅವ್ನು ಅಂಥವ್ನು ಅಂದ್ರು."

ಗೌರಿ ಪಾತ್ರೆ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಮೊಣಕೈವರೆಗೂ ಬೂದಿ ಮೆತ್ತಿತ್ತು.

"ಮದ್ವೆ ಬ್ಯಾಡ ಅಂತಿದ್ರಿ ತಾನೆ?" ಎಂದು ಕೇಳಿದಳು.

"ಇಲ್ಲ" ಎಂದೆ.